ಪದ್ಮಿನಿಯ ಬೀಗದಕೈ

ಜಿಪ್ಪಿನ ಪೆಟ್ಟಿಗೆ ಡಿಕ್ಕಿಯೊಳಗೆ,
ಡಿಕ್ಕಿಯ ಬೀಗದಕೈ ಎಲ್ಲೋ.
ಎಂಟು ಮಿಷಿನ್ನು ಸುಮ್ಮನಿವೆ.
ಒಂಬತ್ತೂವರೆಗೇ ಟೀ ಕುಡಿದು ಮುಗಿಸಿದ ಹುಡುಗಿಯರು
ಹೊಸ್ತಿಲಲ್ಲಿ ನಿಂತು ಕಾರನ್ನೇ ನೋಡುತ್ತಾರೆ
ಹೆರಿಗೆ ಕೋಣೆಯ ಬಾಗಿಲು ನೋಡಿದ ಹಾಗೆ.

ಪದ್ಮಿನಿ. ಬಣ್ಣ ಮಜ್ಜಿಗೆಯದು, ನಂಬರು ಅನಂತಪುರದ್ದು.
ದನದ ಡಾಕ್ಟರು ವೆಂಕೋಬಾಚಾರ್ರು ರಿಟೈರಾದ ವರ್ಷ
ಹದಿನೆಂಟು ಸಾವಿರಕ್ಕೆ ಕೊಟ್ಟಿದ್ದು.
ಮಳೆ ಬಂದರೆ ಹಿಂದಿನ ಸೀಟಿಗೆ ಈಗಲೂ
ಕರುವಿನ ಔಷಧದ ವಾಸನೆ.
ಒಂದೇ ಒಂದು ಬೀಗದಕೈ ನನ್ನ ಅಂಗೈಗಿಟ್ಟು
"ಇನ್ನೊಂದು ಇತ್ತಮ್ಮ, ಯಾವ ಎಮ್ಮೆ ತಿಂತೋ" ಅಂದಿದ್ದರು.

ಅದರ ಗುಟ್ಟು ನನ್ನ ಹೆಬ್ಬೆರಳಿಗಷ್ಟೇ ಗೊತ್ತಿತ್ತು:
ಒಳಗೆ ಹಾಕಿ, ಕೂದಲೆಳೆಯಷ್ಟು ಹಿಂದಕ್ಕೆಳೆದು, ಎಡಕ್ಕೆ.
ನಮ್ಮೆಜಮಾನರಿಗೆ ಕೊನೆಗೂ ಬರಲಿಲ್ಲ.
ಕಾರು ನನ್ನದಾಗಿ ಉಳಿದದ್ದೇ ಅದಕ್ಕೆ.

ಹುಡುಕಿದೆವು.
ದಾರದ ಡಬ್ಬಿ, ಎಣ್ಣೆ ಕ್ಯಾನಿನ ಕೆಳಗೆ,
ಜೀನ್ಸು ಚೂರಿನ ಗುಡ್ಡೆಯಲ್ಲಿ ಮೊಣಕೈತನಕ,
ದೇವರ ಗೂಡು, ಅಕ್ಕಿ ಡಬ್ಬ, ನನ್ನದೇ ತುರುಬು.
ಅತ್ತೆ ಬೊಮ್ಮಕ್ಕ ಸೆರಗಿಗೆ ಗಂಟು ಹಾಕಿದಳು,
ಕಳೆದದ್ದು ಸಿಗುವತನಕ ಬಿಚ್ಚುವುದಿಲ್ಲವಂತೆ.
ಎಲೆಅಡಿಕೆಯ ದುಡ್ಡೂ ಅದೇ ಗಂಟಿನೊಳಗಿತ್ತು,
ಮಧ್ಯಾಹ್ನ ನನ್ನ ಹತ್ತಿರ ಇಪ್ಪತ್ತು ರೂಪಾಯಿ ಸಾಲ ಕೇಳಿದಳು.

ಬಸ್ ಸ್ಟ್ಯಾಂಡಿನಿಂದ ಮಸ್ತಾನಪ್ಪ ಬಂದ,
ಹೆಗಲ ಮೇಲೊಂದು ತಂತಿ ಬಳೆ,
ಅದರಲ್ಲಿ ಹಲ್ಲು ಮೂಡದ ನೂರು ಕೈ.
"ತಾಳಂ ಚೆವಿ ಪೋಯಿಂದಾ, ಅಕ್ಕಾ?"
ಚೆವಿ. ಅವನ ಮಾತಿನಲ್ಲಿ ಬೀಗಕ್ಕೆ ಇರುವುದು ಕಿವಿ,
ನಮ್ಮದರಲ್ಲಿ ಕೈ.
ರಾಯದುರ್ಗದಲ್ಲೇ ಹುಟ್ಟಿ, ಎರಡರಲ್ಲೂ
ಜಗಳ, ಚೌಕಾಸಿ, ಲಾಲಿ ಎಲ್ಲಾ ಮಾಡಿದವಳು
ಇದನ್ನು ಯೋಚಿಸಿದ್ದು ಅವತ್ತೇ,
ಬಿಸಿಲಲ್ಲಿ, ಕೆಲಸವಿಲ್ಲದೆ ನಿಂತು.

ಮೇಣದಬತ್ತಿಯ ಹೊಗೆಗೆ ಹಿಡಿದು
ತಗಡಿಗೆ ಮಸಿ ಹಿಡಿಸಿದ.
ತೂತಿಗೆ ತೂರಿಸಿ ಮೆಲ್ಲಗೆ ಅಲುಗಿಸುತ್ತ
ಕೆನ್ನೆಯನ್ನು ಡಿಕ್ಕಿಗೆ ಒತ್ತಿದ.
ಕಾದ ಕಬ್ಬಿಣ, ಚುರ್ರೆಂದಿರಬೇಕು. ಸರಿಸಲಿಲ್ಲ.
ಹೊರಗೆ ತೆಗೆದ: ಮಸಿಯಲ್ಲಿ ಒಂದು ಬಿಳಿ ಚುಕ್ಕೆ.
ಅಲ್ಲಿ ಮೂರು ಸಲ ಅರ ಎಳೆದ.
ಮತ್ತೆ ಹೊಗೆ. ಮತ್ತೆ ಕೆನ್ನೆ.
"ಸದ್ದು ಮಾಡಬ್ಯಾಡ್ರಿ" ಎಂದ, ಈ ಸಲ ಕನ್ನಡದಲ್ಲಿ.
ಎಂಟು ಮಿಷಿನ್ನಿನ ಗದ್ದಲದಲ್ಲೇ
ಮದುವೆ ಮಾತು ಕುದುರಿಸಿ ಮುರಿಯುವ ನನ್ನ ಹುಡುಗಿಯರು
ಉಸಿರು ಹಿಡಿದು ನಿಂತರು.
ದೂರದಲ್ಲೆಲ್ಲೋ ಒಂದು ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು.
ನಮ್ಮ ಓಣಿಯಲ್ಲಿ ನಲ್ಲಿ ಇದೆಯೆಂದೇ ಗೊತ್ತಿರಲಿಲ್ಲ.

ಕಟ್.

ಇನ್ನೂರು ಕೇಳಿದ, ನೂರೈವತ್ತಕ್ಕೆ ಇಳಿದ.
ಅವನ ಚೀಲದ ಜಿಪ್ಪು ಕಿತ್ತಿತ್ತು,
ಹನುಮಕ್ಕನ ಕೈಲಿ ಹೊಸದು ಹಾಕಿಸಿಕೊಂಡು ಹೋದ.

ಎಂಟು ದಿನದ ಮೇಲೆ
ಬಳ್ಳಾರಿ ಕೌಲ್ ಬಜಾರಿನ ವಾಷಿಂಗ್ ಯೂನಿಟ್ಟಿನಿಂದ
ಗಾದಿಲಿಂಗನ ಫೋನು:
"ಅಕ್ಕಾರೆ, ನಿಮ್ಮ ಲಾಟಿನಾಗ ಒಂದು ಜೇಬಲ್ಲಿ ಏನೋ ಐತಿ."

ಆಗ ನೆನಪಾಯಿತು.
ಜೇಬಿನ ತಳ ಗಟ್ಟಿಯೇ ಎಂದು ನೋಡಲು
ಬೀಗದಕೈ ಒಳಗೆ ಹಾಕಿ ಎರಡು ಸಲ ಕೊಡವುವುದು ನನ್ನ ಚಾಳಿ.
ಬೀಳದಿದ್ದರೆ ಪಾಸು.
ಬಿದ್ದಿರಲಿಲ್ಲ.

ಟೆಂಪೋದಲ್ಲಿ ಬಂತು, ಪೇಪರಿನಲ್ಲಿ ಸುತ್ತಿ.
ಕಲ್ಲಿನ ಜೊತೆ, ಬ್ಲೀಚಿನ ಜೊತೆ ಉರುಳಿ ಉರುಳಿ
ಹಲ್ಲೆಲ್ಲ ಸವೆದು ಬೆಳ್ಳಗಾಗಿ,
ಬೆನ್ನಿನ ಗಾಡಿಯಲ್ಲೊಂದು ನೀಲಿ ಗೆರೆ.
ಡಿಕ್ಕಿಗೆ ಹಾಕಿದೆ. ಕೂದಲೆಳೆಯಷ್ಟು ಹಿಂದಕ್ಕೆಳೆದು, ಎಡಕ್ಕೆ.
ಹೆಬ್ಬೆರಳಿಗೆ ಎಲ್ಲ ನೆನಪಿತ್ತು.
ಅದಕ್ಕೆ ಇರಲಿಲ್ಲ.

ಬೊಮ್ಮಕ್ಕ ಗಂಟು ಬಿಚ್ಚಿ ನನ್ನ ಇಪ್ಪತ್ತು ತೀರಿಸಿದಳು,
ಸವೆದದ್ದನ್ನು ತಾನು ಇಸಕೊಂಡಳು.
ಈಗ ಮಧ್ಯಾಹ್ನ, ಉಂಡ ಮೇಲೆ,
ಗೋಡೆಗೊರಗಿ, ಕಣ್ಣು ಅರ್ಧ ಮುಚ್ಚಿ,
ಅದರಿಂದ ಕಿವಿ ತುರಿಸಿಕೊಳ್ಳುತ್ತಾಳೆ.